ಕೆಂಪಗಾದ ನಾಲ್ಕನೆಯ ಟ್ಯೂಬ್

ಸ್ಯಾನ್ ಹೋಸೆಯ ಕಂಪನಿಯೊಂದರಲ್ಲಿ ಟೆಸ್ಟ್ ಎಂಜಿನಿಯರ್ ಆಗಿದ್ದ ನಾನು ನಿವೃತ್ತಳಾದ ಮರುವರ್ಷ ನಡೆದದ್ದಿದು. ಅದೇ ಊರಿನ ಎವರ್‌ಗ್ರೀನ್ ಬಡಾವಣೆಯಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಅಲ್ಲಿ ನಾನು ಹಳೆಯ ಆಂಪ್ಲಿಫೈಯರ್‌ಗಳನ್ನು ರಿಪೇರಿ ಮಾಡುತ್ತೇನೆ. “ಕಾರು ಬಿಸಲಾಗ, ಡಬ್ಬಿಗೋಳು ನೆಳ್ಳಾಗ” ಎಂದು ನನ್ನ ಗಂಡ ರೇಗಿಸುತ್ತಾರೆ. ಏನು ಮಾಡಲಿ, ಹುಬ್ಬಳ್ಳಿಯಲ್ಲಿ ನಮ್ಮಪ್ಪನದು ರೇಡಿಯೊ ಅಂಗಡಿ. ಸ್ವಿಚ್ ಹಾಕಿದ ಮೇಲೆ ವಾಲ್ವ್ ಕಾದು ದನಿ ಬರುವ ತನಕ ಎಲ್ಲರೂ ಬಾಯಿ ಮುಚ್ಚಿ ಕಾಯುತ್ತಿದ್ದ ಆ ಅರ್ಧ ನಿಮಿಷ, ಬಿಸಿಯಾದ ಧೂಳಿನ ಆ ವಾಸನೆ ನನಗೆ ಈಗಲೂ ಬೇಕು. ಅಮೆರಿಕದಲ್ಲಿ ಆ ವಾಲ್ವನ್ನೇ ಟ್ಯೂಬ್ ಎನ್ನುತ್ತಾರೆ.

ದೀಪಾವಳಿಗೆ ಸ್ವಲ್ಪ ಮುಂಚೆ ಪುಟ್ಟಸ್ವಾಮಿ ಮತ್ತು ಜಯಲಕ್ಷ್ಮಿ ದಂಪತಿ ಭಾರವಾದ ಪೆಟ್ಟಿಗೆಯೊಂದನ್ನು ತಂದರು. ಮಂಡ್ಯದ ಕಡೆಯವರು. ಪುಟ್ಟಸ್ವಾಮಿ ಓಕ್ಲ್ಯಾಂಡ್ ಬಂದರಿನಲ್ಲಿ ಕ್ರೇನುಗಳ ಎಲೆಕ್ಟ್ರಿಕಲ್ ಕೆಲಸ ನೋಡಿಕೊಂಡಿದ್ದವರು. ಸ್ಟ್ರೋಕ್ ಆದಮೇಲೆ ಅವರ ಬಲಗೈ ನಡುಗತೊಡಗಿತ್ತು. ಬೆರಳಿಗೆ ಸಣ್ಣ ಕೆಲಸ ಕೊಡಿ ಎಂದು ಥೆರಪಿಸ್ಟ್ ಹೇಳಿದ್ದಕ್ಕೆ ಟ್ಯೂಬ್ ಆಂಪ್ಲಿಫೈಯರ್ ಕಿಟ್ ತರಿಸಿದ್ದರು. ಬಿಡಿ ಭಾಗಗಳನ್ನು ನಾವೇ ಬೆಸೆದು ಕಟ್ಟಿಕೊಳ್ಳಬೇಕಾದ ಕಿಟ್ ಅದು. ಬೇಸಿಗೆಯೆಲ್ಲ ಕೂತು ಕಟ್ಟಿ ಮೊದಲ ಸಲ ಸ್ವಿಚ್ ಹಾಕಿದರೆ, ಸಾಲಿನ ಬಲತುದಿಯ ನಾಲ್ಕನೆಯ ಟ್ಯೂಬಿನೊಳಗಿನ ಲೋಹದ ತಗಡು ಕೆಂಡದಂತೆ ಕೆಂಪಗಾಯಿತಂತೆ. ಟ್ಯೂಬಿನ ನಡುವಿನ ತಂತಿ ಹೊಳೆಯಬೇಕು, ಸುತ್ತಲಿನ ತಗಡು ಹೊಳೆಯಬಾರದು. ಹೊಳೆದರೆ ಅದರೊಳಗೆ ವಿಪರೀತ ಕರೆಂಟ್ ಹರಿಯುತ್ತಿದೆ ಎಂದರ್ಥ.

“ಸುಮಂಗಲಾ ಅವ್ರೇ, ನನ್ ಬೆಸುಗೇನೇ ಕೆಟ್ಟಿದ್ರೆ ಸಮಾಧಾನ ಗಿಮಾಧಾನ ಹೇಳ್ಬೇಡಿ. ಹಂಗೇ ಅಂದ್ಬುಡಿ. ಇನ್ ಮುಟ್ಟಕಿಲ್ಲ ನಾನು” ಎಂದರು ಪುಟ್ಟಸ್ವಾಮಿ.

ಅವರು ಅತ್ತ ತಿರುಗಿದಾಗ ಜಯಲಕ್ಷ್ಮಿ ನನ್ನ ಹತ್ತಿರ ಬಂದು ಪಿಸುಗುಟ್ಟಿದರು: “ಅವತ್ತಿಂದ ಕೈ ಎಕ್ಸರ್ಸೈಜೂ ಬುಟ್ಟವ್ರೆ ಕಣಕ್ಕಾ. ಚಮಚಾನೂ ಎಡಗೈಲೇ.”

ಇಬ್ಬರನ್ನೂ ಅಲ್ಲೇ ಕೂರಿಸಿಕೊಂಡು ಕೆಲಸ ಶುರು ಮಾಡಿದೆ. ಮೂರನೆಯ ಮತ್ತು ನಾಲ್ಕನೆಯ ಟ್ಯೂಬುಗಳನ್ನು ಅದಲುಬದಲು ಮಾಡಿದೆ. ಕೆಂಪು ನಾಲ್ಕನೆಯ ಜಾಗದಲ್ಲೇ ಉಳಿಯಿತು, ಅಂದರೆ ಟ್ಯೂಬಿನ ತಪ್ಪಲ್ಲ. ಇಂಥದ್ದಕ್ಕೆ ಸಾಮಾನ್ಯವಾಗಿ ಕಾರಣ ಕಪ್ಲಿಂಗ್ ಕೆಪಾಸಿಟರ್. ಸಂಗೀತದ ಸಿಗ್ನಲನ್ನು ಮಾತ್ರ ಮುಂದೆ ಬಿಟ್ಟು ಡಿಸಿ ವೋಲ್ಟೇಜನ್ನು ತಡೆಯುವುದು ಅದರ ಕೆಲಸ. ಬದಲಿಸಿದೆ. ಆದರೂ ಕೆಂಪು! ಆಮೇಲೆ ಭೂತಗನ್ನಡಿ ಹಿಡಿದು ಒಂದೊಂದೇ ಬೆಸುಗೆ ನೋಡಿದೆ. ಸ್ವಲ್ಪ ದಪ್ಪವಾಗಿದ್ದವು, ನಿಜ, ಆದರೆ ಒಂದೂ ಸಡಿಲವಿರಲಿಲ್ಲ. ಹಾಗೆಂದು ಹೇಳಿದರೆ ಪುಟ್ಟಸ್ವಾಮಿ ನಂಬುವವರಲ್ಲ. ನಿಜವಾದ ಕಾರಣ ಕೈಗೆ ಸಿಗದ ಹೊರತು ನನ್ನ ಮಾತೂ ಸಮಾಧಾನ ಗಿಮಾಧಾನವೇ. ನನಗೆ ರೇಗಿಹೋಯಿತು. ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಿ ತಂದೆ.

ಚಹಾ ಕುಡಿದು, ಕೆಪಾಸಿಟರಿನ ಒಂದು ತುದಿ ಬಿಚ್ಚಿ, ಟ್ಯೂಬಿನ ಕರೆಂಟನ್ನು ಹತೋಟಿಯಲ್ಲಿಡುವ ಗ್ರಿಡ್‌ನ ವೋಲ್ಟೇಜ್ ಅಳೆದೆ. ಅಲ್ಲಿ ಸೊನ್ನೆ ಇರಬೇಕು. ಮೀಟರು ಹನ್ನೊಂದು ವೋಲ್ಟ್ ತೋರಿಸಿತು. ಬರುವ ದಾರಿಯನ್ನೇ ಬಿಚ್ಚಿಟ್ಟ ಮೇಲೆ ಇದು ಬಂದದ್ದೆಲ್ಲಿಂದ? ಟ್ಯೂಬ್ ಕೂರುವ ಸಾಕೆಟ್ಟಿನಲ್ಲಿ ಗ್ರಿಡ್‌ನ ಪಕ್ಕದ ಪಿನ್ನಿಗೆ ಮುನ್ನೂರ ಎಂಬತ್ತು ವೋಲ್ಟ್ ಇರುತ್ತದೆ. ಕರೆಂಟ್ ತೆಗೆದು, ಟ್ಯೂಬ್ ಕಿತ್ತು, ಟಾರ್ಚ್ ಬಿಟ್ಟು ನೋಡಿದೆ. ಆ ಎರಡು ಪಿನ್ನುಗಳ ತೂತಿನ ನಡುವೆ ಕರಕಲಾದ ಒಂದು ಗೆರೆ. ಕಡ್ಡಿಯಿಂದ ಕೆರೆದರೆ ಅಡಿಯಿಂದ ಕೆಂಪು ಪುಡಿ ಬಂತು, ಅದರಡಿ ಹಳದಿ. ನಗು ಬಂತು.

“ಆಯುಧಪೂಜಿಗೆ ಇದನ್ನ ಇಟ್ಟಿದ್ರೇನ್ರೀ?” ಎಂದೆ.

ಜಯಲಕ್ಷ್ಮಿಯ ಮುಖ ಬಿಳಿಚಿತು. “ಇಟ್ಟಿದ್ದೆ ಅಕ್ಕಾ. ಆಗಿನ್ನೂ ಬಲ್ಬು ಹಾಕಿರ್ಲಿಲ್ಲ. ಬಲಗಡೇ ತುದಿ ಸಾಕೆಟ್ಗೆ ಅರಿಸಿನ, ಅದ್ರ ಮೇಲೆ ಕುಂಕುಮ, ನೀರಲ್ಲಿ ಕಲಸಿ ಇಟ್ಟೆ. ಇವ್ರ ಕೈ ನೆಟ್ಟಗಾಗ್ಲಿ ಅಂತ ಬೇಡ್ಕಂಡು. ಮಾರನೇ ದಿನ ಒರೆಸ್ಬುಟ್ಟೆ.”

ನನ್ನ ನಗು ಅಲ್ಲೇ ಉಡುಗಿತು. ಒರೆಸಿದ್ದು ಮೇಲಿನದು, ತೂತಿಗಿಳಿದದ್ದು ಒಳಗೇ ಉಳಿದಿತ್ತು. ಹಸಿ ಆರುವ ಮೊದಲೇ ಹೈವೋಲ್ಟೇಜ್ ಹರಿದು ಪಕ್ಕದ ಗ್ರಿಡ್‌ಗೆ ದಾರಿ ಸುಟ್ಟುಕೊಂಡಿತ್ತು. ತಾನೇ ಕೆಡಿಸಿದೆನೆಂದು ಆಕೆ ಸೆರಗು ಬಾಯಿಗೊತ್ತಿಕೊಂಡರು. ಪುಟ್ಟಸ್ವಾಮಿಯ ಗಮನ ಮಾತ್ರ ಬೇರೆ ಕಡೆಯಿತ್ತು.

“ಅಂದ್ರೆ... ಬೆಸುಗೆ?”

“ಒಂದೂ ಹುಸಿ ಹೋಗಿಲ್ರೀ.”

ಅವರು ಹೆಂಡತಿಯ ಕಡೆ ತಿರುಗಿ, “ಅಳ್ಬೇಡ ಕಣೇ, ನೀನಲ್ವಾ ನನ್ ಕೈ ಉಳಿಸ್ದೋಳು” ಎಂದು ಗ್ಯಾರೇಜು ತುಂಬ ನಕ್ಕರು.

ಹೊಸ ಸಾಕೆಟ್ ನನ್ನ ಡ್ರಾಯರಿನಲ್ಲಿತ್ತು. ನಾನು ಹಾಕಿದ್ದರೆ ಬೇಗ ಮುಗಿಯುತ್ತಿತ್ತು. ಸಾಲ್ಡರಿಂಗ್ ಐರನ್ನನ್ನು ಪುಟ್ಟಸ್ವಾಮಿಯ ಮುಂದಿಟ್ಟು, “ನೀವ ಹಾಕ್ರಿ” ಎಂದೆ. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಎಲ್ಲ ಪಿನ್ನುಗಳನ್ನೂ ಬೆಸೆದರು. ಸ್ವಿಚ್ ಹಾಕಿ ಮೂವರೂ ಬಾಯಿ ಮುಚ್ಚಿ ಕಾದೆವು. ನಾಲ್ಕನೆಯದರ ತಗಡು ಕಪ್ಪಗೇ ಉಳಿಯಿತು. ಸ್ಪೀಕರಿನಿಂದ ನಾಗಸ್ವರ ಏಳುತ್ತಿದ್ದಂತೆ ನನಗೆ ಅಪ್ಪನ ಅಂಗಡಿ ನೆನಪಾಗಿ ಕಣ್ಣು ತುಂಬಿತು.

ಮುಚ್ಚಳ ಬಿಚ್ಚುವ ಮೊದಲು ಮನೆಯವರ ಜೊತೆ ಕೂತು ಮಾತಾಡಬೇಕು ಎಂಬುದನ್ನು ನನ್ನ ವೃತ್ತಿ ಅಷ್ಟು ತಡವಾಗಿ ಕಲಿಸಿತು. ಮೀಟರು ವೋಲ್ಟೇಜನ್ನಷ್ಟೇ ಹೇಳುತ್ತದೆ, ಅದು ಯಾರ ಹರಕೆಯಿಂದ ಬಂತೆಂದು ಹೇಳುವುದಿಲ್ಲ.

ಮುಂದಿನ ಆಯುಧಪೂಜೆಗೆ ಅವರ ಮನೆಗೆ ಕರೆದಿದ್ದರು. ಆಂಪ್ಲಿಫೈಯರಿನ ಮುಂದೆ ಬರೀ ಹೂವಿತ್ತು. ಕುಂಕುಮದ ಬಟ್ಟಲು ಹಿಡಿದು ಬಂದ ಜಯಲಕ್ಷ್ಮಿ ಗಂಡನ ಬಲಗೈ ಎಳೆದುಕೊಂಡು, ಅದರ ಮೇಲೆ ಬೊಟ್ಟಿಟ್ಟರು. ಕೈ ಇನ್ನೂ ನಡುಗುತ್ತಿತ್ತು. ಪುಟ್ಟಸ್ವಾಮಿ ಹಿಂದಕ್ಕೆಳೆದುಕೊಳ್ಳಲಿಲ್ಲ.