ಬಾಣಂತಿ ವಾರ್ಡಿನ ಸಂಜೆಯ ಹಾಲು

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕೊಂಡಾಪುರದ ಬಂಡೆಗಳನ್ನು ಒಡೆದು ಐ.ಟಿ. ಕಂಪನಿಗಳಿಗೆ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಹೈದರಾಬಾದಿನಲ್ಲಿ ನಾನು ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಯ ಡಯಟೀಷಿಯನ್ ಆಗಿದ್ದೆ. ಯಾವ ರೋಗಿಗೆ ಯಾವ ಹೊತ್ತಿಗೆ ಏನು ಆಹಾರ ಎಂದು ನಿರ್ಧರಿಸಿ, ಅದು ಅಡುಗೆಮನೆಯಿಂದ ಹಾಸಿಗೆಯವರೆಗೆ ತಲುಪುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮದು ಬೀದರ ಕಡೆಯ ಮನೆತನ, ಅಜ್ಜನ ಕಾಲದಿಂದ ಇಲ್ಲೇ ನೌಕರಿ. ಹೊರಗೆ ತೆಲುಗು, ಉರ್ದು, ಮನೆಯೊಳಗೆ ಕನ್ನಡ. ಸಿಟ್ಟು ಮಾತ್ರ ನನಗೆ ಮೂರೂ ಭಾಷೆಯಲ್ಲಿ ಸಲೀಸಾಗಿ ಬರುತ್ತಿತ್ತು.

ಒಂದು ವರ್ಷ ಖರ್ಚು ಇಳಿಸಬೇಕೆಂಬ ಆದೇಶ ನಮ್ಮ ಆಸ್ಪತ್ರೆಗೂ ಬಂತು. ಸರ್ಕಾರ ಭಾರಿ ದುಂದು ಮಾಡುತ್ತದೆ, ಕಡಿತ ಮಾಡಲೇಬೇಕು ಎಂದು ವರಾಂಡದಲ್ಲಿ ಕೂತ ರೋಗಿಗಳ ಕಡೆಯವರೂ ತಲೆದೂಗಿದರು. ಆದರೆ ಕತ್ತರಿ ಬಿದ್ದದ್ದು ಬಾಣಂತಿಯರ ಸಂಜೆಯ ಹಾಲಿಗೆ. ಇನ್ನು ಮುಂದೆ ಸಿಸೇರಿಯನ್ ಆದವರಿಗೆ ಮಾತ್ರ ಒಂದು ಲೋಟ ಹಾಲು, ಸಹಜ ಹೆರಿಗೆಯವರಿಗೆ ಇಲ್ಲ. ಅವರು ಬೇಗ ಮನೆಗೆ ಹೋಗುತ್ತಾರೆ, ಮನೆಯವರು ನೋಡಿಕೊಳ್ಳುತ್ತಾರೆ ಎಂಬುದು ಆದೇಶ ಬರೆದವರ ಲೆಕ್ಕಾಚಾರ.

ಆ ಲೆಕ್ಕಾಚಾರಕ್ಕೆ ಸಿಗದವಳು ನಾಗಮ್ಮ. ಯಾದಗಿರಿ ಕಡೆಯವಳು, ಗಂಡನ ಜೊತೆ ಕೊಂಡಾಪುರದ ಒಂದು ಕಟ್ಟಡದಲ್ಲಿ ಕಾಂಕ್ರೀಟ್ ಬುಟ್ಟಿ ಹೊರುತ್ತಿದ್ದಳು. ಹೆರಿಗೆ ಸಹಜವಾಗಿಯೇ ಆಗಿತ್ತು, ಆದರೆ ಮಗು ತೀರಾ ಸಣ್ಣದು. ತೂಕ ಏರುವವರೆಗೆ ತಾಯಿ ಮಗು ಇಬ್ಬರೂ ವಾರ್ಡಿನಲ್ಲೇ ಇರಬೇಕೆಂದು ಡಾಕ್ಟರ್ ಹೇಳಿದ್ದರು. ಅವಳ ಎದೆಹಾಲು ಅದಕ್ಕೆ ಸಾಲುತ್ತಿರಲಿಲ್ಲ. ಡಬ್ಬಿ ಕಟ್ಟಿಕೊಂಡು ಬರುವ ತಾಯಿಯಾಗಲಿ ಅತ್ತೆಯಾಗಲಿ ಇರಲಿಲ್ಲ. ಸಂಜೆಯ ಹಾಲು ನಿಂತ ಮರುದಿನವೇ ಗಂಡ ಬಂದು, "ಇಲ್ಲಿ ಅರ್ಧಾ ಹೊಟ್ಟಿ ಇರೋದಕಿಂತ ನಮ್ಮ ಶೆಡ್ಡಿಗೆ ಹೋಗೂಣು ನಡಿ" ಎಂದ. ಸಿಮೆಂಟ್ ಧೂಳಿನ ಆ ತಗಡಿನ ಶೆಡ್ಡಿಗೆ ಹೋದರೆ ಕೂಸು ಉಳಿಯುವುದು ಕಷ್ಟವಿತ್ತು. ನಾಲ್ಕು ದಿನ ತಡಿ ಎಂದು ಅವನನ್ನು ಗದರಿಸಿ ಕಳಿಸಿದೆ.

ನನಗೆ ಹೊಳೆದ ಉಪಾಯ ಬಹಳ ಸರಳವಾಗಿತ್ತು. ಅಂದು ಸಂಜೆ ಹಾಲು ಹಂಚಿದ ಮೇಲೆ ಖಾಲಿ ಪಾತ್ರೆ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೊರಟೆ. "ಒಂದೊಂದು ಗುಟುಕು ಇದರಾಗ ಹಾಕ್ರಿ, ಹಾಲಿಲ್ಲದವರಿಗೆ ಆಗ್ತೈತಿ" ಎಂದೆ. ಮೊದಲನೆಯವಳು ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಪಕ್ಕದವಳು ಗೋಡೆಯ ಕಡೆ ತಿರುಗಿ ಗಟಗಟ ಕುಡಿದಳು. ಮುಂದಿನ ಹಾಸಿಗೆಯ ಬಳಿ ಸರೋಜಾಬಾಯಿ ನನಗೆ ಅಡ್ಡ ನಿಂತರು. ಕಲಬುರ್ಗಿ ಮೂಲದವರು, ಗಂಡ ಸರ್ಕಾರಿ ಗುಮಾಸ್ತ. ಸಿಸೇರಿಯನ್ ಆದ ಮಗಳನ್ನು ನೋಡಿಕೊಳ್ಳಲು ಜೊತೆಗಿದ್ದರು.

"ಖರ್ಚು ಕಡಿಮಿ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಬಾಣಂತಿ ಲೋಟಕ್ಕ ಯಾಕ ಕೈ ಹಾಕ್ತೀರಿ?"

"ಒಂದು ಗುಟುಕಿಗೆ ಇಷ್ಟ್ಯಾಕ್ರಿ ಜೀವಾ ಹಿಡೀತೀರಿ? ಆ ಕೂಸು ಕಣ್ಣಿಗೆ ಕಾಣಂಗಿಲ್ಲೇನು?" ಎಂದು ಸಿಡುಕಿದೆ. ತ್ಯಾಗವೆಲ್ಲ ಪಕ್ಕದ ಮನೆಯಲ್ಲೇ ಆಗಲಿ ಎನ್ನುವ ಜನ ಎಂದು ಗೊಣಗಿಕೊಂಡು, ಕೊನೆಗೆ ನಾಗಮ್ಮನ ಬಳಿ ಹೋದೆ. ನಾಳೆ ಹೇಗಾದರೂ ಕೊಡಿಸುತ್ತೇನೆ ಎಂದರೆ ಅವಳೇ ಕೈಮುಗಿದಳು.

"ಬ್ಯಾಡ್ರೀ ಅಕ್ಕಾ. ಇನ್ನೊಬ್ಬ ಬಾಣಂತಿ ಲೋಟದ ಹಾಲು ನಾ ಕುಡಿದ್ರ ಆಕಿ ಎದಿಹಾಲು ಬತ್ತತೈತ್ರಿ. ಆ ಕೂಸಿನ ಪಾಪ ನನಗ ಬ್ಯಾಡ."

ನಮ್ಮ ಮನೆಯಲ್ಲೂ ಇದೇ ನಂಬಿಕೆ ಇತ್ತು. ಬಾಣಂತಿಯ ಮುಂದಿಟ್ಟ ತಟ್ಟೆ, ಲೋಟದಿಂದ ಯಾರಾದರೂ ತೆಗೆದುಕೊಂಡರೆ ಅವಳ ಎದೆಹಾಲೂ ಅವರ ಹಿಂದೆಯೇ ಹೋಗುತ್ತದೆ ಎಂದು ನನ್ನ ಅವ್ವ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ನಾನು ಜಿಪುಣತನ ಎಂದುಕೊಂಡದ್ದು ಬರೀ ಹೆದರಿಕೆಯಾಗಿತ್ತು. ಕೊಡಬೇಕಾದವರೂ ಪಡೆಯಬೇಕಾದವಳೂ ಒಂದೇ ಹೆದರಿಕೆಯಲ್ಲಿದ್ದರು.

ಮರುದಿನ ಮಧ್ಯಾಹ್ನ ಸರೋಜಾಬಾಯಿ ಬಿಸಿನೀರಿಗೆಂದು ಅಡುಗೆಮನೆಗೆ ಬಂದರು. ಹಾಲಿನ ಕ್ಯಾನು ಆಗಷ್ಟೇ ಬಂದಿತ್ತು. ಅದನ್ನು ನೋಡುತ್ತ ನಿಂತು, "ಆ ಕೂಸಿನ ಅಳು ಕೇಳಿ ನನಗ ನಿದ್ದಿನೇ ಬರವಲ್ದು" ಎಂದರು. ಆಮೇಲೆ ಕೇಳಿದರು, "ಈಗ ಇದು ಯಾರ ಹಾಲ್ರಿ?"

"ಇನ್ನೂ ಹಂಚಿಲ್ಲಲ್ರಿ, ಯಾರದ್ದೂ ಅಲ್ಲ."

"ಹಂಗಾದ್ರ ಇಲ್ಲೇ ಗೋಧಿ ನುಚ್ಚು ಹಾಕಿ ಗಂಜಿ ಕಾಸ್ರಿ. ಎಲ್ಲಾರಿಗೂ ಬಡಸ್ರಿ. ಲೋಟಕ್ಕ ಬಂದ ಮ್ಯಾಲ ಕೇಳಬ್ಯಾಡ್ರಿ."

ಗೋಧಿ ನುಚ್ಚು ನಮ್ಮ ಉಗ್ರಾಣದಲ್ಲಿ ಬೇಕಾದಷ್ಟಿತ್ತು. ಹೋಗಿ ಕೇಳಿದಾಗ ಸೂಪರಿಂಟೆಂಡೆಂಟ್ ಸಾಹೇಬರು ಯೋಚಿಸಿ, "ಸಿಸೇರಿಯನ್ ಆದವರ ಪಾಲು ಕಡಿಮೆಯಾಗುತ್ತದೆ. ಅವರೆಲ್ಲ ಒಪ್ಪಿದರೆ ಮಾಡಿ" ಎಂದರು. ನಾನು ವಾರ್ಡಿನ ನಡುವೆ ನಿಂತು ಕೇಳಿದೆ. ಕಿಟಕಿಯ ಪಕ್ಕ ಮೊಮ್ಮಗನನ್ನು ತೂಗುತ್ತಿದ್ದ ಒಬ್ಬ ಅಜ್ಜಿ, ಖಾಲಾಬಿ, ತಲೆ ಎತ್ತಿದರು.

"ಪೈಲೇ ತುಮ್ಹಾರೀ ಚಾಯ್ ಕಾ ದೂದ್ ಡಾಲೋ ಮೇಡಂ, ಫಿರ್ ಹಮಾರಾ ಲೇವ್."

ಮೊದಲು ನಿಮ್ಮ ಚಹಾದ ಹಾಲು ಹಾಕಿ, ಆಮೇಲೆ ನಮ್ಮದು ತೆಗೆದುಕೊಳ್ಳಿ ಎಂದರ್ಥ. ಇಡೀ ವಾರ್ಡು ನಕ್ಕಿತು. ನನಗೆ ನಗು ಬರಲಿಲ್ಲ, ಯಾಕೆಂದರೆ ಮಾತು ನಿಜವಾಗಿತ್ತು. ಸಿಬ್ಬಂದಿಯ ಚಹಾಕ್ಕೆ ಮಂಜೂರಾದ ಹಾಲಿಗೆ ಕಡಿತದ ಬಿಸಿ ತಟ್ಟಿರಲೇ ಇಲ್ಲ. ಹೈದರಾಬಾದಿನವರಿಗೆ ಹಾಲಿಲ್ಲದ ಚಹಾ ಕುಡಿಯಿರಿ ಎನ್ನುವುದು ಸಣ್ಣ ಮಾತಲ್ಲ. ನರ್ಸುಗಳು ಮುಖ ಸಿಂಡರಿಸಿದರು. ಆದರೂ ಆ ಹಾಲನ್ನು ವಾರ್ಡಿಗೇ ತಂದು ಎಲ್ಲರ ಎದುರು ದೊಡ್ಡ ಪಾತ್ರೆಗೆ ಸುರಿದೆವು. ಸಾಹೇಬರು ಕರಿ ಚಹಾದ ಮೊದಲ ಗುಟುಕನ್ನು ಔಷಧಿ ಕುಡಿಯುವ ಮಗುವಿನಂತೆ ಕಣ್ಣು ಮುಚ್ಚಿ ನುಂಗಿದರು.

"ನಮ್ಮದೂ ಹಾಕ್ರಿ" ಎಂದರು ಸರೋಜಾಬಾಯಿ. ಖಾಲಾಬಿಯೂ ಆಗಲಿ ಎಂದು ತಲೆಯಾಡಿಸಿದರು. ಆಮೇಲೆ ಒಬ್ಬರೂ ಹಿಂದೆ ಉಳಿಯಲಿಲ್ಲ.

ಸಂಜೆ ಎಲ್ಲರಿಗೂ ಬಟ್ಟಲಲ್ಲಿ ಬಿಸಿ ಗಂಜಿ ಬಂತು. ನಾಗಮ್ಮ ಬಟ್ಟಲು ಹಿಡಿದುಕೊಂಡು ಕೂತಳೇ ಹೊರತು ಬಾಯಿಗಿಡಲಿಲ್ಲ.

"ಇದು ಯಾರ ಪಾಲಿಂದ್ರಿ?" ಎಂದಳು.

ನಾನು ಆದೇಶ, ಹಾಲು, ನುಚ್ಚು ಎಂದು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಸರೋಜಾಬಾಯಿ ತಮ್ಮ ಜಾಗದಿಂದಲೇ ಹೇಳಿದರು, "ನಿಂದೇ ಐತಿ. ಉಣ್ಣು."

ಅವಳು ಅಳುತ್ತಲೇ ಉಂಡಳು. ನಾನು ಆ ಕಡೆ ತಿರುಗಿ ಪಾಪದ ಆಯಾಳನ್ನು ವಿನಾಕಾರಣ ಬೈದೆ.

ಕೂಸು ಮೆಲ್ಲಗೆ ಕೆನ್ನೆ ತುಂಬಿಕೊಂಡಿತು. ಮಗಳನ್ನು ಮನೆಗೆ ಕರೆದೊಯ್ದ ಮೇಲೂ ಸರೋಜಾಬಾಯಿ ಒಮ್ಮೆ ಬಂದು, ನಾಗಮ್ಮನ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತೀಡಿ ಹೋದರು. ಮನೆಗೆ ಹೋಗಲು ಡಾಕ್ಟರ್ ಒಪ್ಪಿಗೆ ಕೊಟ್ಟ ದಿನ ನಾಗಮ್ಮನ ಗಂಡ ಕೂಸನ್ನು ಎತ್ತಿಕೊಳ್ಳಲು ಹೆದರಿ ಕೈ ಒರೆಸಿಕೊಳ್ಳುತ್ತಲೇ ನಿಂತಿದ್ದ.

ನಾನು ನಿವೃತ್ತಳಾಗುವವರೆಗೂ ಅಂಥ ಆದೇಶಗಳು ಬರುತ್ತಲೇ ಇದ್ದವು. ಜನ ಹೊರೆ ಹಂಚಿಕೊಳ್ಳಲು ಒಲ್ಲರು ಎಂದು ಮೀಟಿಂಗಿನಲ್ಲಿ ಯಾರಾದರೂ ಅಂದರೆ ನನಗೆ ರೇಗುತ್ತಿತ್ತು. ಕೈಯಲ್ಲಿದ್ದ ಲೋಟಕ್ಕೆ ಕೈ ಹಾಕಿದರೆ ಯಾವ ತಾಯಿ ಒಪ್ಪುತ್ತಾಳೆ? ಹಂಚುವ ಮೊದಲೇ ಕೇಳಬೇಕು, ಕೇಳುವವರು ತಮ್ಮ ಪಾಲನ್ನು ಎಲ್ಲರ ಎದುರು ಮೊದಲು ಸುರಿಯಬೇಕು. ಇಷ್ಟು ಮಾಡಿದರೂ ಒಂದು ಕೆಲಸ ಉಳಿಯುತ್ತದೆ. ಪಡೆಯುವವಳಿಗೆ ಇದು ನಿನ್ನದೇ ಎಂದು ಹೇಳಬೇಕು. ಅದನ್ನು ನಾವು ಅಧಿಕಾರಿಗಳು ಹೇಳಿದರೆ ಸಾಲದು, ಪಕ್ಕದ ಹಾಸಿಗೆಯವರು ಹೇಳಬೇಕು.