ನಾಲಗೆಯ ಅಂಚು

ಆಸ್ಪತ್ರೆಯಲ್ಲಿ ನನ್ನ ಕೆಲಸ ಸೂಕ್ಷ್ಮದರ್ಶಕದ ಮುಂದೆ. ಸರ್ಜನ್ನರು ಕತ್ತರಿಸಿ ಕಳಿಸಿದ ಗಡ್ಡೆ ಕ್ಯಾನ್ಸರ್ ಹೌದೋ ಅಲ್ಲವೋ, ತುಂಡಿನ ಅಂಚಿನವರೆಗೂ ಹಬ್ಬಿದೆಯೋ ಎಂದು ನೋಡಿ ಬರೆಯಬೇಕಿತ್ತು. ಐವತ್ತರ ದಶಕದ ಕೊನೆಯ ವರ್ಷಗಳು. ಸಂಜೆ ಕೃಷ್ಣಮೂರ್ತಿಪುರಂನ ಮನೆಗೆ ನಡೆದು ಬರುವಾಗ ಕಣ್ಣು ಉರಿಯುತ್ತಿತ್ತು, ಯಾರ ಜೊತೆಗೂ ಮಾತು ಬೇಡವಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಜಟಕಾ ಹೊಡೆಯುವವರೊಬ್ಬರ ನಾಲಗೆಯ ತುಂಡು ಬಂತು. ಹೊಗೆಸೊಪ್ಪು ಇಟ್ಟುಕೊಳ್ಳುವ ಕಡೆ ಹುಣ್ಣಾಗಿ ಗಟ್ಟಿಯಾಗಿತ್ತು. ಸರ್ಜನ್ ಬೆರಳಿಂದ ಒತ್ತಿ ನೋಡಿ, ಗಟ್ಟಿ ಮುಗಿದ ಮೇಲೂ ಒಂದು ಬೆರಳಗಲ ಬಿಟ್ಟು ಕತ್ತರಿಸಿದ್ದರು. ಹಿಂದಿನ ಅಂಚು ಯಾವುದೆಂದು ತಿಳಿಯಲಿ ಎಂದು ಅಲ್ಲಿಗೊಂದು ಕಪ್ಪು ದಾರ ಕಟ್ಟಿದ್ದರು. ಆಪರೇಷನ್ ನಡೆಯುವಾಗಲೇ ನೋಡಿ ಹೇಳುವ ಸೌಕರ್ಯ ನಮ್ಮಲ್ಲಿರಲಿಲ್ಲ. ತುಂಡನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು, ಬಣ್ಣ ಹಾಕುವಷ್ಟರಲ್ಲಿ ನಾಲ್ಕೈದು ದಿನವಾಗುತ್ತಿತ್ತು.

ಜಟಕಾದವರ ಹೆಂಡತಿ ದಿನವೂ ನನ್ನ ಬಾಗಿಲಿಗೆ ಬರುತ್ತಿದ್ದರು. "ಎಲ್ಲಾ ತೆಗೆದ್ಬುಟ್ಟವ್ರಾ ಡಾಕ್ಟ್ರಮ್ಮ?"

"ಇನ್ನೂ ನೋಡಿಲ್ಲ ಕಣಮ್ಮ, ನಾಳೆ ಬನ್ನಿ."

ಐದನೆಯ ದಿನ ನೋಡಿದೆ. ದಾರ ಕಟ್ಟಿದ ಅಂಚಿನಲ್ಲಿ, ಮೇಲೆ ಚೆನ್ನಾಗಿದ್ದ ಪದರದ ಕೆಳಗೆ, ಕ್ಯಾನ್ಸರ್ ಕಣಗಳದೊಂದು ಸಣ್ಣ ಗುಂಪು. ನಾನು ನೋಡಿದ್ದು ತಪ್ಪಿರಲಿ ಎಂದು ಹಾರೈಸಿ ಅದೇ ತುಂಡಿನಿಂದ ಇನ್ನೂ ಮೂರು ಪದರ ಕೊಯಿಸಿದೆ. ಮೂರರಲ್ಲೂ ಇತ್ತು.

ಸರ್ಜನ್ ಬಂದು ಬಹಳ ಹೊತ್ತು ನೋಡಿದರು. ಬೆಳಗಿನಿಂದ ಮೂರು ಆಪರೇಷನ್ ಮುಗಿಸಿ ಬಂದವರು ಸ್ಟೂಲಿನ ಮೇಲೆ ಕುಸಿದು ಕೂತರು.

"ನನ್ನ ಬೆರಳಿಗೆ ಏನೂ ಸಿಗ್ಲಿಲ್ಲ ಕಣಮ್ಮ. ಮತ್ತೆ ಕೊಯ್ಯಬೇಕು. ನೀನೂ ಬಾ, ಹೇಳೋಣ."

ವಾರ್ಡಿನಲ್ಲಿ ಜಟಕಾದವರು ಕೇಳಿಸಿಕೊಂಡು ಕಣ್ಣು ಮುಚ್ಚಿಕೊಂಡರು. ಹೆಂಡತಿ ಮಾತ್ರ ಬಿಡಲಿಲ್ಲ. "ಮೊದ್ಲೇ ಯಾಕೆ ತೆಗೀಲಿಲ್ಲ ಸ್ವಾಮಿ? ಇನ್ನೊಂದ್ ಸಲ ಎಂಗೆ ತಡ್ಕೋತಾರೆ?"

"ಕಾಣ್ಲಿಲ್ಲಮ್ಮ," ಎಂದರು ಸರ್ಜನ್.

ಎರಡನೆಯ ಸಲ ಬಂದ ತುಂಡಿನ ಅಂಚು ಶುದ್ಧವಾಗಿತ್ತು. ಹೇಳಿದಾಗ ಆಕೆ ಅತ್ತರು. ನನಗೆ ಸಂತೋಷಪಡುವಷ್ಟೂ ತ್ರಾಣವಿರಲಿಲ್ಲ. ಹೋಗಿ ಮಲಗಬೇಕು ಅನ್ನಿಸಿತ್ತು.

ಆತ ಬದುಕಿದರು. ಗಂಜಿಯಲ್ಲೇ ದಿನ ಕಳೆಯುತ್ತಿದ್ದರು, ಮಾತು ಹೆಂಡತಿಯೊಬ್ಬರಿಗೇ ಅರ್ಥವಾಗುತ್ತಿತ್ತು. ಜಟಕಾವನ್ನು ತಮ್ಮನಿಗೆ ಬಿಟ್ಟುಕೊಟ್ಟರಂತೆ. ಒಂದು ವರ್ಷದ ಮೇಲೆ ತಪಾಸಣೆಗೆ ಬಂದಾಗ ಸರ್ಜನ್ ಬಾಯೊಳಗೆ, ದವಡೆಯ ಕೆಳಗೆ ಬೆರಳಾಡಿಸಿ, "ಏನೂ ಇಲ್ಲ, ಹೋಗಿ ಬನ್ನಿ," ಎಂದರು. ಆಕೆ ಗಂಡನ ಕೈ ಹಿಡಿದುಕೊಂಡು ನೇರ ನನ್ನ ಕೋಣೆಗೆ ಬಂದರು.

"ನೀವೂ ಒಂದ್ ಸಲ ನಿಮ್ಮ ಗಾಜಲ್ಲಿ ನೋಡ್ಬುಡಿ ಡಾಕ್ಟ್ರಮ್ಮ."

ತುಂಡು ಕತ್ತರಿಸದೆ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುವುದಿಲ್ಲ ಎಂದು ತಿಳಿಸಿ ಹೇಳಿದೆ. ಆಕೆ ನಂಬಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ಬೆಂಚಿನ ಮೇಲೆ ಕೂತಿದ್ದು ಹೋದರು.