ಬೈಗುಳದ ರಾಶಿಯಲ್ಲಿ ಒಂದು ಸಾಲು ಹುಡುಕುವ ಸುಕನ್ಯ

ಬೆಳಗಿನ ಐದೂಕಾಲು. ಭೇರ್ಯದ ಸುಕನ್ಯ ಒಲೆ ಮೇಲೆ ನೀರಿಟ್ಟು, ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಕೊಂಡು ನೆಲದ ಮೇಲೆ ಕೂತಿದ್ದಾರೆ. ಕನ್ನಡಕ ಮೂಗಿನ ತುದಿಗೆ ಜಾರಿದೆ. ಅವರ ಬೆರಳಿಗೆ ಕೆಲಸ ಎರಡೇ: ಒಪ್ಪಿಗೆ, ಇಲ್ಲವೇ ಅಳಿಸು. ನಾನು ನೋಡುತ್ತಿರುವಂತೆಯೇ ನಾಲ್ಕು ಅಳಿಸಿದರು, ಒಂಬತ್ತು ಒಪ್ಪಿದರು. ಮುಂದಿನದನ್ನು ಓದುತ್ತಿದ್ದಂತೆ ಮುಖ ಸಪ್ಪಗಾಯಿತು. ಏನದು ಎಂದು ಬಗ್ಗಿದೆ. ಫೋನನ್ನು ಮಗುಚಿಬಿಟ್ಟರು.

"ಬ್ಯಾಡ ಬುಡಿ ಸಾರ್. ನಮ್ಮವ್ವನ್ನ ಬೈದವ್ರೆ. ಅವಳು ಸತ್ತು ಒಂಬತ್ತು ವರ್ಷ ಆಯ್ತು. ಪಾಪ, ಬ್ಲಾಗು ಅಂದ್ರೇನು ಅಂತ್ಲೇ ಗೊತ್ತಿರ್ಲಿಲ್ಲ ಅವಳಿಗೆ."

ಎದ್ದು ಹೋಗಿ ಬಚ್ಚಲಲ್ಲಿ ಕೈಕಾಲು ಮುಖ ತೊಳೆದು ಬರುತ್ತಾರೆ. ಸಾವಿನ ಮನೆಯಿಂದ ಬಂದವರು ತೊಳೆದುಕೊಳ್ಳುತ್ತಾರಲ್ಲ, ಹಾಗೆ. ಆಮೇಲೇ ರೊಟ್ಟಿ ಹಿಟ್ಟಿಗೆ ಕೈ ಹಾಕುವುದು. ಆರು ವರ್ಷದಿಂದ ದಿನಾ ಹೀಗೆಯೇ.

'ಹೊಳೆಸಾಲು' ಎಂಬ ಬ್ಲಾಗಿಗೆ ಬರುವ ಕಾಮೆಂಟುಗಳನ್ನು ಓದುವುದು ಸುಕನ್ಯ ಅವರ ಕೆಲಸ. ನಿವೃತ್ತ ಪೋಸ್ಟ್ ಮಾಸ್ಟರ್ ಪ್ರಭುಸ್ವಾಮಿ ಹನ್ನೊಂದು ವರ್ಷದ ಹಿಂದೆ ಶುರು ಮಾಡಿದ ಬ್ಲಾಗು ಅದು. ನಾಲೆಗೆ ನೀರು ಬಿಡುವ ದಿನ, ಹೊಗೆಸೊಪ್ಪಿನ ಹರಾಜು, ಯಾರು ತೀರಿಕೊಂಡರು, ಜೊತೆಗೆ ಓದುಗರೇ ಬರೆದು ಕಳಿಸುವ ಬರಹಗಳು. ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಈ ನಾಲ್ಕೂ ತಾಲ್ಲೂಕಿನವರು ಓದುತ್ತಾರೆ. ಸಕ್ಕರೆ ಕಾಯಿಲೆ ಪ್ರಭುಸ್ವಾಮಿಯವರ ಕಣ್ಣಿಗೆ ಬಂದಾಗ ಕಾಮೆಂಟು ನೋಡುವ ಕೆಲಸ ಪಕ್ಕದ ಮನೆ ಸುಕನ್ಯ ಅವರ ಪಾಲಿಗೆ ಬಂತು. ಅವರು ಒಪ್ಪದೆ ಯಾವ ಕಾಮೆಂಟೂ ಬ್ಲಾಗಿನಲ್ಲಿ ಕಾಣುವುದಿಲ್ಲ.

ಬ್ಲಾಗು ಬರೆದವರಿಗೆ ರಾಜ್ಯೋತ್ಸವದಲ್ಲಿ ಶಾಲು ಹೊದಿಸುತ್ತೇವೆ. ಅದರ ಕೆಳಗೆ ಬಿದ್ದ ಕೊಳಕು ಬಳಿಯುವವರ ಹೆಸರು ಯಾರಿಗೆ ಗೊತ್ತು? ಈ ಲೇಖನ ಬರೆಯುತ್ತೇನೆ ಅಂದಾಗ ಕಾಮೆಂಟು ಓದುವುದೂ ಒಂದು ಕೆಲಸವಾ ಎಂದು ನಮ್ಮ ಕಚೇರಿಯಲ್ಲೇ ಒಬ್ಬರು ನಕ್ಕರು. ಅವರನ್ನು ಒಂದು ವಾರ ಇಲ್ಲಿ ತಂದು ಕೂರಿಸಬೇಕು.

ದಿನಕ್ಕೆ ನೂರಿಪ್ಪತ್ತರಿಂದ ನೂರೈವತ್ತು ಕಾಮೆಂಟು ಬರುತ್ತವೆ. ಅದರಲ್ಲಿ ಮೂವತ್ತು ನಲವತ್ತು ಬರೀ ಬೈಗುಳ. ನಾಲೆ ನೀರಿನ ಜಗಳ ಎದ್ದ ದಿನ ಮುನ್ನೂರು ದಾಟುತ್ತದೆ. ಎಲೆಕ್ಷನ್ ಬಂದರಂತೂ ಕೇಳಲೇಬೇಡಿ. ಜಾತಿ ಹಿಡಿದು ಬೈಯುವವರು, ಹೆಂಗಸು ಬರೆದರೆ ಸಾಕು ಅವಳ ಸೀರೆಗೆ ಕೈ ಹಾಕುವಂಥ ಮಾತಾಡುವವರು, ಸತ್ತವರ ಫೋಟೊ ಕೆಳಗೆ 'ಕೊಟ್ಟ ಮಾತು ಉಳಿಸದೆ ಹೋದ' ಎಂದು ಬರೆಯುವವರು. ಇವರೆಲ್ಲ ಬೇರೆ ಲೋಕದವರಲ್ಲ, ಬಸ್ಸಿನಲ್ಲಿ ನಮ್ಮ ಪಕ್ಕದಲ್ಲೇ ಕೂತಿರುವವರು.

ಸುಕನ್ಯ ಅವರಿಗೆ ನಲವತ್ತಾರು ವರ್ಷ. ಪಿಯುಸಿವರೆಗೆ ಓದಿದ್ದಾರೆ. ಎಂಟು ಗಂಟೆ ಬಸ್ಸಿಗೆ ಕೆ.ಆರ್. ನಗರಕ್ಕೆ ಹೋಗಿ ಶಂಕರ್ ಎಂಬುವರ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ, ತಿಥಿ ಕಾರ್ಡು ಟೈಪು ಮಾಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ. ಯಾರನ್ನು ಹೇಗೆ ಕರೆಯಬೇಕು ಎಂಬುದನ್ನು ಅಲ್ಲೇ ಕಲಿತೆ ಅನ್ನುತ್ತಾರೆ. "ಲಗ್ನಪತ್ರಿಕೇಲಿ ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಕೆಳಕ್ಕೆ ಬಂದ್ರೆ ಮದುವೆ ಮನೇಲಿ ಎಲೆ ಮುಂದಿಂದ ಎದ್ದೋಯ್ತಾರೆ. ಅಂಥ ಜನ, ಫೋನ್ ಕೈಗೆ ಬಂದೇಟ್ಗೆ ಎಂಗಾಡ್ತಾರೆ ನೋಡಿ!"

ಕಾಮೆಂಟು ಬರೆಯುವ ಜಾಗದ ಮೇಲೆ ಅವರೇ ನಾಲ್ಕು ಮಾತು ಬರೆದಿಟ್ಟಿದ್ದಾರೆ. ನನಗೆ ತುಂಬಾ ಹಿಡಿಸಿದ್ದು ಸಾವಿನ ಸುದ್ದಿ ಬಗ್ಗೆ ಬರೆದದ್ದು: 'ಸಾವಿನ ಮನೆಗೆ ಹೋದರೆ ಹೇಗಿರುತ್ತೀರೋ ಇಲ್ಲಿಯೂ ಹಾಗೇ ಇರಿ. ಒಂದು ಮಾತು ಆಡಿ, ಹೋಗಿಬರುತ್ತೇನೆ ಅನ್ನದೆ ಹೊರಡಿ.' ಬರಹ ಸರಿಯಿಲ್ಲ ಅನ್ನಿಸಿದರೆ ಯಾವ ಮಾತು ಸರಿಯಿಲ್ಲ ಅಂತ ಹೇಳಿ, ಬರೆದವರ ಮನೆತನ ಎತ್ತಬೇಡಿ ಅಂತಲೂ ಇದೆ. ಕೊನೆಯ ಸಾಲನ್ನು ಮಾತ್ರ ಕೆಂಪಕ್ಷರದಲ್ಲಿ ಹಾಕಿದ್ದಾರೆ: 'ಬರೆದವರು ಯಾವೂರು, ಯಾರ ಮಕ್ಕಳು ಎಂದು ಕೇಳಬೇಡಿ.'

ಊರು ಕೇಳುವುದೂ ತಪ್ಪಾ ಎಂದು ಇದಕ್ಕೆ ಉಗಿದವರು ಬಹಳ. ನನಗೂ ವಿಚಿತ್ರ ಅನ್ನಿಸಿತ್ತು. ನಮ್ಮ ಕಡೆ ಎದುರಿಗೆ ಬಂದವರನ್ನು 'ಯಾವೂರಾಯ್ತು, ಯಾರ ಮನೆಯಾಯ್ತು' ಎಂದು ಕೇಳದಿದ್ದರೇ ಕೊಬ್ಬು ಅನ್ನುತ್ತಾರೆ. ಸುಕನ್ಯ ಅವರೂ ಹಾಗೇ ಬೆಳೆದವರು. ಅನಾಹುತ ಆಗಿದ್ದೂ ಅದರಿಂದಲೇ.

ಎರಡು ವರ್ಷದ ಹಿಂದೆ ಅಂತರಸಂತೆ ಕಡೆಯ ಕಾಡಂಚಿನ ಆದಿವಾಸಿ ಹಾಡಿಯಿಂದ ಒಂದು ಬರಹ ಬಂತು. ಬರೆದವಳು ಪ್ರೇಮಾ, ನರ್ಸಿಂಗ್ ಓದುತ್ತಿದ್ದ ಹುಡುಗಿ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಳು, ಹಾಕಲಿಲ್ಲ. ಅವಳ ಸೋದರತ್ತೆ ಸಣ್ಣಿಯನ್ನು ಮೇಸ್ತ್ರಿಯೊಬ್ಬ ಕೊಡಗಿನ ತೋಟದ ಕೆಲಸಕ್ಕೆ ಕರೆದುಕೊಂಡು ಹೋಗಿದ್ದ. ಅಲ್ಲಿ ಜ್ವರ ಬಂದು ಮೂರು ದಿನ ಕೂಲಿಯವರ ಲೈನ್ ಮನೆಯಲ್ಲಿ ಬಿದ್ದಿದ್ದಳು. ಜೀಪು ನಿಂತೇ ಇತ್ತು, ಮೇಸ್ತ್ರಿ ಕೊಡಲಿಲ್ಲ. ನಾಲ್ಕನೇ ದಿನ ಜೊತೆಯವರು ಹೊತ್ತುಕೊಂಡು ಇಳಿಯುವಾಗ ದಾರಿಯಲ್ಲೇ ಜೀವ ಹೋಯಿತು. ಪ್ರೇಮಾ ಇಷ್ಟನ್ನೇ, ಯಾರ ಹೆಸರೂ ಎತ್ತದೆ, ಒಂದು ಮಾತೂ ಹೆಚ್ಚಿಲ್ಲದೆ ಬರೆದಿದ್ದಳು.

ಕೆಟ್ಟ ಕಾಮೆಂಟು ಬಂದವು. ಸುಕನ್ಯ ಒಂದೊಂದಾಗಿ ಅಳಿಸಿದರು. ನಡುವೆ ಒಂದು ಬಲು ಮರ್ಯಾದೆಯ ಕಾಮೆಂಟು: 'ಮನ ಕಲಕಿತು ತಾಯಿ. ತಾವು ಯಾವ ಹಾಡಿಯವರು, ಯಾರ ಮಗಳು ಎಂದು ತಿಳಿಸಿದರೆ ಸಂತೋಷ.' ಸುಕನ್ಯ ಒಪ್ಪಿದರು. ಅದರ ಕೆಳಗೆ, ಅವಳು ಮೊದಲೇ ಬರಹ ತೋರಿಸಿದ್ದ ಒಬ್ಬ ಮೇಷ್ಟ್ರು ಹೆಮ್ಮೆಯಿಂದ ಉತ್ತರ ಕೊಟ್ಟರು: 'ಈಕೆ ನನ್ನ ಶಿಷ್ಯೆ, ಚಿಕ್ಕಬೊಮ್ಮನ ಮಗಳು.' ಹಾಡಿಯ ಹೆಸರನ್ನೂ ಬರೆದಿದ್ದರು. ಅದನ್ನೂ ಒಪ್ಪಿದರು.

"ಅಷ್ಟೊಂದು ಬೈಗುಳದ ಮಧ್ಯೆ ಎರಡು ಒಳ್ಳೆ ಮಾತು ಕಾಣ್ತಲ್ಲ ಅಂತ ಖುಷಿಯಾಗೋಯ್ತು ಸಾರ್. ಪಾಪಿ ನಾನು. ಬೈದವ್ರು ಯಾರೂ ಅವಳನ್ನ ಏನೂ ಮಾಡ್ಲಿಲ್ಲ. ತಾಯಿ ಅಂದವ್ನೇ ಮಾಡಿದ್ದು."

ಕೇಳಿದವನು ಮೇಸ್ತ್ರಿ ಕಡೆಯವನು. ತೋಟದಲ್ಲಿ ಹಾಗೆ ಸತ್ತವರು ಒಬ್ಬರಲ್ಲ, ಬರೆದದ್ದು ಯಾರ ಮನೆಯವರೆಂದು ಅವರಿಗೆ ತಿಳಿಯಬೇಕಿತ್ತು. ಮೂರನೇ ದಿನ, ಸಂತೆಯಲ್ಲಿ, ಹಾಡುಹಗಲೇ ಇಬ್ಬರು ಬಂದು ಚಿಕ್ಕಬೊಮ್ಮನ ಬಲಗೈಯನ್ನು ಎರಡು ಕಡೆ ಮುರಿದರು. ಸಂತೆ ತುಂಬ ಜನವಿದ್ದರು. ನಾನು ನೋಡಿದೆ ಅಂದವರು ಒಬ್ಬರೂ ಇಲ್ಲ. ಥೂ! ಪ್ರೇಮಾ ಓದು ಬಿಟ್ಟು ಎಲ್ಲಿಗೋ ಹೊರಟುಹೋದಳು. ಹೋಗುವ ಮುಂಚೆ ಸುಕನ್ಯ ಅವರಿಗೆ ಒಂದು ಮೆಸೇಜು ಕಳಿಸಿದ್ದಳು: 'ಬರಹ ತೆಗಿಬೇಡಿ. ತೆಗೆದ್ರೆ ನಮ್ಮತ್ತೆ ಸತ್ತಿದ್ದೇ ಸುಳ್ಳಾಗ್ತದೆ.' ಅಂದಿನಿಂದ ಆ ನಂಬರು ಸ್ವಿಚ್ ಆಫ್.

ಆ ಎರಡು ಕಾಮೆಂಟುಗಳನ್ನು ಅಳಿಸಿದ್ದಾಯಿತು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎಂದು ಅವರೇ ತಮ್ಮನ್ನು ಬೈದುಕೊಳ್ಳುತ್ತಾರೆ.

ತಿಂಗಳಿಗೊಂದು ಭಾನುವಾರ ಸುಕನ್ಯ ಆ ಹಾಡಿಗೆ ಹೋಗುತ್ತಾರೆ. ಕೆ.ಆರ್. ನಗರ, ಹುಣಸೂರು, ಕೋಟೆಯಲ್ಲಿ ಬಸ್ಸು ಬದಲಿಸಿ ಅಂತರಸಂತೆ, ಆಮೇಲೆ ಕಾಲ್ನಡಿಗೆ. ಈ ಸಲ ನಾನೂ ಜೊತೆಗಿದ್ದೇನೆ. ಹಾಡಿಯ ಹೆಸರು ಹೇಳುವುದಿಲ್ಲ. ಅಪ್ಪ, ಮಗಳು, ಅತ್ತೆಯ ಹೆಸರೂ ನಿಜವಾದವಲ್ಲ.

ಚಿಕ್ಕಬೊಮ್ಮ ಗುಡಿಸಲ ಮುಂದೆ ಕೂತು ಎಡಗೈಯಲ್ಲಿ ಬೀಡಿ ಹಚ್ಚುತ್ತಿದ್ದಾನೆ. ಬಲಗೈ ಸೊಟ್ಟಗೆ ಕೂಡಿಕೊಂಡಿದೆ. ಕುಡುಗೋಲು ಹಿಡಿಯಲು ಬರುವುದಿಲ್ಲ, ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಸುಕನ್ಯ ಮೊದಲ ಸಲ ಬಂದು ತಪ್ಪಾಯಿತು ಅಂದಾಗ ಅವನು ಹೇಳಿದ್ದನ್ನು ಇವತ್ತೂ ಹೇಳುತ್ತಾನೆ. ದನಿಯಲ್ಲಿ ಸಿಟ್ಟಿಲ್ಲ, ಅದೇ ಕಷ್ಟ.

"ನೀನೇನು ಕೈ ಮುರಿದ್ಯಾ ಅವ್ವಾ? ಇಲ್ಲ. ಓದ್ದೆ, ಸರಿ ಅಂತ ಬುಟ್ಟೆ. ಅಷ್ಟೇ ಕಣವ್ವ."

ಸುಮ್ಮನಿರಲಾರದೆ ನಾನು ಬಾಯಿಬಿಟ್ಟೆ. "ಮಗಳು ಈಗ ಎಲ್ಲಿದ್ದಾಳೆ?" ನನ್ನ ಬಾಯಿಗಿಷ್ಟು ಬೆಂಕಿ ಹಾಕ! ಅಷ್ಟೆಲ್ಲ ಕೇಳಿಸಿಕೊಂಡು ಬಂದವನು ನಾನೇ. ಸುಕನ್ಯ ನನ್ನ ಕಡೆ ತಿರುಗಿದ ರೀತಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಚಿಕ್ಕಬೊಮ್ಮ ಬೀಡಿ ಎಳೆದು ಹೊಗೆ ಬಿಟ್ಟ. "ಬದ್ಕವ್ಳೆ," ಅಂದ. ಎಲ್ಲಿ ಅನ್ನಲಿಲ್ಲ. ಬೀಡಿಯ ಬೂದಿ ಕೊಡವಿ, "ಅದನ್ನ ಓದ್ತಳಂತೆ, ನಿಮ್ಮ ಹೊಳೆಸಾಲನ್ನ" ಎಂದಷ್ಟೇ ಸೇರಿಸಿದ.

ವಾಪಸು ಬರುವಾಗ ಬಸ್ಸು ಹುಣಸೂರು ದಾಟಿತ್ತು. ಕೆಟ್ಟ ಪದ ಬಂದರೆ ಕಾಮೆಂಟು ತಾನೇ ಅಳಿಸಿಹೋಗುವ ವ್ಯವಸ್ಥೆ ಇದೆಯಲ್ಲ, ಅದನ್ನಾದರೂ ಮಾಡಿಕೊಳ್ಳಬಾರದೇ ಎಂದು ಕೇಳಿದೆ. ಪ್ರೆಸ್ಸಿನ ಶಂಕರ್ ಹೋದ ವರ್ಷವೇ ಅದನ್ನು ಹಾಕಿಕೊಟ್ಟಿದ್ದರಂತೆ. ಒಂದೇ ದಿನಕ್ಕೆ ಇವರು ತೆಗೆಸಿದರು. ದಿನಾ ನಲವತ್ತು ಬೈಗುಳವನ್ನು ಒಂದಕ್ಷರ ಬಿಡದೆ ಕಣ್ಣಾರೆ ಓದುವುದನ್ನೇ ಆರಿಸಿಕೊಂಡಿದ್ದಾರೆ. ಯಾಕೆ?

"ಅವಳು ಬರೆದ್ರೆ ನನ್ನ ಬೈದೇ ಬರೀತಾಳೆ ಸಾರ್. ಬೈಬೇಕು, ನ್ಯಾಯ ಅದು. ಕೆಟ್ಟ ಮಾತು ಅಂತ ಆ ಮಿಷನ್ನು ಅಳಿಸಿಬುಟ್ರೆ ನಂಗೆ ಎಂಗೆ ಗೊತ್ತಾಗ್ಬೇಕು?" ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಾರೆ. "ಒಂದು ಸಾಲು ಬರೀಲಿ. ಎಸರು ಬ್ಯಾಡ, ಊರು ಬ್ಯಾಡ. ಎಷ್ಟು ಕೆಟ್ಟದಾಗಿ ಬೈದಿದ್ರೂ ಅದೊಂದನ್ನ ನಾನು ಅಳಿಸಾಕಿಲ್ಲ."